ಎಡಗಡೆ ತಿರುಪು

ಶ್ವೇತಳ ಕಾರು ನಾಲೆಗೆ ಬೀಳದೆ ಉಳಿದದ್ದು ಒಂದು ಹೊಂಗೆ ಮರದಿಂದ. ಮನೆಯಲ್ಲಿ ಅವಳು ಹೇಳಿದ ರೀತಿ ನೋಡಿದ್ದರೆ ಯಾರೂ ಅದನ್ನು ದೊಡ್ಡ ಸಂಗತಿ ಅಂದುಕೊಳ್ಳುತ್ತಿರಲಿಲ್ಲ. "ನಾಲೆ ರಸ್ತೇಲಿ ಕರು ಅಡ್ಡ ಬಂತು, ಕಾರು ಸ್ವಲ್ಪ ಜಾರ್ತು, ಹಿಂದಿನ ಬಂಪರ್ ನೆಗ್ಗಿದೆ," ಅಂದವಳೇ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಳು. ಅವಳ ಗಂಡ ನಂಜೇಶ ಟಾರ್ಚು ಹಿಡಿದು ಬಂಪರ್ ನೋಡಿ, ಇಷ್ಟೇ ತಾನೆ ಅಂದುಕೊಂಡು ಊಟಕ್ಕೆ ಕೂತ.

ಶ್ವೇತ ದನದ ಡಾಕ್ಟರು. ಕೆಲಸ ತಿ. ನರಸೀಪುರದಲ್ಲಿ, ಮನೆ ದೇವನೂರಿನಲ್ಲಿ. ಆಸ್ಪತ್ರೆಯಲ್ಲಿ ಕೂತು ಮಾಡುವ ಕೆಲಸಕ್ಕಿಂತ ಊರೂರು ತಿರುಗಿ ಮಾಡುವುದೇ ಹೆಚ್ಚು. ಹಸು ಈಯಲಾರದೆ ಒದ್ದಾಡುತ್ತಿದೆ ಅಂತ ಫೋನು ಬಂದರೆ ಬಸ್ಸು ಕಾಯುತ್ತ ನಿಲ್ಲುವ ಹಾಗಿರಲಿಲ್ಲ. ಅದಕ್ಕೇ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದರು. ಮೊದಲಿನ ಮಾಲೀಕರು ಅದನ್ನು ಮೈಸೂರಿನ ನುಣುಪಾದ ರಸ್ತೆಗಳಲ್ಲಿ ಓಡಿಸಿದ್ದರಂತೆ. ಕೂತರೆ ಉಯ್ಯಾಲೆಯ ಹಾಗೆ ತೂಗುತ್ತಿತ್ತು. ತೂಗುವುದನ್ನೇ ಎಲ್ಲರೂ ಸುಖ ಅಂತ ತಿಳಿದಿದ್ದರು.

ಮಾರನೆ ಬೆಳಿಗ್ಗೆ ಬಾಳೆಗೊನೆ ಹಾಕಿಕೊಂಡು ನಂಜನಗೂಡಿನ ಮಂಡಿಗೆ ಹೊರಟಿದ್ದ ನಂಜೇಶ, ಯಾಕೋ ಗಾಡಿಯನ್ನು ನಾಲೆ ರಸ್ತೆಯ ಕಡೆ ತಿರುಗಿಸಿದ. ಹೊಂಗೆ ಮರದ ತೊಗಟೆ ಸುಲಿದಿತ್ತು. ಹಸಿ ಮಣ್ಣಿನಲ್ಲಿ ಟೈರಿನ ಗುರುತು ಅತ್ತ ಒಮ್ಮೆ, ಇತ್ತ ಒಮ್ಮೆ ಹೊರಳಾಡಿ, ಕೊನೆಗೆ ಹಿಂಬದಿಯಿಂದ ನೀರಿನ ಕಡೆ ಜಾರಿಹೋಗಿತ್ತು. ಮರಕ್ಕೂ ನೀರಿಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವೂ ಇರಲಿಲ್ಲ. ನಾಲೆ ತುಂಬಿ ಹರಿಯುತ್ತಿತ್ತು. ನಂಜೇಶ ಅಲ್ಲೇ ಕುಕ್ಕುರುಗಾಲಲ್ಲಿ ಕೂತುಬಿಟ್ಟ. ಮಂಡಿ ಮುಗಿಯುವ ಹೊತ್ತಿಗೆ ನಂಜನಗೂಡು ತಲುಪಿದ. ಈ ವಿಷಯವನ್ನು ಹೆಂಡತಿಗೂ ಹೇಳಲಿಲ್ಲ, ತಾಯಿಗೂ ಹೇಳಲಿಲ್ಲ.

ಆ ವಾರವೇ ಅವನು ಕಾರನ್ನು ನರಸೀಪುರದ ರಂಗನಾಯಕನ ಬಳಿಗೆ ಒಯ್ದ. ಬಸ್ ಸ್ಟ್ಯಾಂಡಿನ ಹಿಂದೆ ರಂಗನಾಯಕನದು ವೀಲ್ ಅಲೈನ್‌ಮೆಂಟ್ ಅಂಗಡಿ. ಕಾರನ್ನು ಮೇಲೆತ್ತಿ ನೋಡಿದ ರಂಗನಾಯಕ, "ಶಾಕ್ ಅಬ್ಸಾರ್ಬರ್ ನಾಲ್ಕೂ ಸತ್ತೋಗವೆ ಅಣ್ಣ. ಸ್ಪ್ರಿಂಗ್ ಕುಣಿದ್ರೆ ಇಡ್ಕಳಕ್ಕೆ ಯಾರೂ ಇಲ್ಲ. ಡಾಕ್ಟ್ರಮ್ಮ ಇದ್ರಲ್ಲಿ ಎಂಗೆ ತಿರುಗ್ತಿದ್ರೋ," ಅಂದ. ಕಂಪನಿಯದೇ ಹಾಕಿಸಬಹುದಿತ್ತು. ನಂಜೇಶನಿಗೆ ಅಷ್ಟರಲ್ಲಿ ಸಮಾಧಾನವಾಗಲಿಲ್ಲ. ಫೋನಿನಲ್ಲಿ ದಿನಗಟ್ಟಲೆ ವಿಡಿಯೋ ನೋಡಿ, ಬೇಕಾದ ಹಾಗೆ ಬಿಗಿ ಸಡಿಲ ಮಾಡಿಕೊಳ್ಳಬಹುದಾದ ಹೊಸ ಸೆಟ್ಟನ್ನು ಕೊಯಮತ್ತೂರಿನಿಂದ ತರಿಸಿದ. ಒಂದೊಂದರ ತಲೆಯ ಮೇಲೂ ಒಂದು ಕಪ್ಪು ತಿರುಪು. ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ. ಮುಂದಿನ ಎರಡು ಬಾನೆಟ್ ಅಡಿ, ಹಿಂದಿನ ಎರಡು ಡಿಕ್ಕಿಯ ಒಳಗೆ, ಹಾಸಿನ ಕೆಳಗೆ.

ರಂಗನಾಯಕ ಕೂಡಿಸಿಕೊಟ್ಟು, "ನಾಲ್ಕನ್ನೂ ನಡುವಲ್ಲಿ ಮಡಗಿವ್ನಿ. ಒಂದಷ್ಟು ದಿವ್ಸ ಓಡಿಸಿ ತಗಂಡ್ ಬನ್ನಿ, ಆಮೇಲೆ ನೋಡ್ಕಂಡು ಸರಿ ಮಾಡಣ," ಅಂದ.

ನಂಜೇಶ ಹೂಂ ಅಂದ. ಮನೆಗೆ ಬಂದವನೇ ಬಾನೆಟ್ ತೆಗೆದು, ಡಿಕ್ಕಿ ತೆಗೆದು, ನಾಲ್ಕನ್ನೂ ಇನ್ನು ತಿರುಗುವುದಿಲ್ಲ ಅನ್ನುವ ತನಕ ಬಲಕ್ಕೆ ತಿರುಗಿಸಿದ. ಟೈರಿಗೂ ಒಂದಿಷ್ಟು ಜಾಸ್ತಿ ಗಾಳಿ ಹೊಡೆಸಿದ. ಕಾರು ಎಷ್ಟು ಗಟ್ಟಿಯಾದರೆ ಅಷ್ಟು ಕ್ಷೇಮ ಅನ್ನುವುದು ಅವನ ಲೆಕ್ಕ.

ಶ್ವೇತ ಮೊದಲ ದಿನ ಓಡಿಸಿಕೊಂಡು ಬಂದು, "ಏನ್ರೀ ಇದು, ಸ್ಟೇರಿಂಗ್ ತಿರುಗಿಸಿದ ಕಡೆ ತಕ್ಷಣ ಹೋಗುತ್ತೆ. ವಾಲೋದೇ ಇಲ್ಲ," ಅಂದಳು. ಅವಳ ಮುಖ ಅರಳಿತ್ತು. ನಂಜೇಶ ಬಾಳೆ ಎಲೆ ಕಟ್ಟುತ್ತ ತಲೆ ಎತ್ತದೆ, "ಚೆನ್ನಾಗಾಯ್ತು ಬಿಡು," ಅಂದ.

ಮನೆಯಲ್ಲಿ ಇನ್ನೊಬ್ಬರಿದ್ದರು. ನಂಜೇಶನ ತಾಯಿ ಜವರಮ್ಮ. ಸುತ್ತಲ ಊರುಗಳಲ್ಲಿ ಜವರಮ್ಮನ ಸೋಬಾನೆ ಇಲ್ಲದೆ ಮದುವೆ ಚಪ್ಪರ ತುಂಬಿತು ಅಂತ ಯಾರೂ ಒಪ್ಪುತ್ತಿರಲಿಲ್ಲ. ಅವಳು ಎತ್ತಿಕೊಟ್ಟರೆ ಅದೇ ಬೀದಿಯ ವನಜಾಕ್ಷಿ ಮತ್ತು ಇನ್ನಿಬ್ಬರು ಹೆಂಗಸರು ಸೊಲ್ಲು ಹಿಡಿಯುತ್ತಿದ್ದರು. ಶಾಸ್ತ್ರಕ್ಕೆ ತಕ್ಕ ಪದ ನೆನಪಿನಿಂದ ತೆಗೆಯುತ್ತಿದ್ದಳು, ಇಲ್ಲದಿದ್ದರೆ ಅಲ್ಲೇ ಕಟ್ಟುತ್ತಿದ್ದಳು. ಗಂಡಿನ ಸೋದರಮಾವನ ಮೀಸೆಯ ಮೇಲೆ ಪದ ಕಟ್ಟಿ ಇಡೀ ಚಪ್ಪರವನ್ನು ನಗಿಸಿದ್ದನ್ನು ಜನ ಇವತ್ತಿಗೂ ಹೇಳುತ್ತಾರೆ.

ಹೋದ ಬೇಸಿಗೆಯಲ್ಲಿ ಜವರಮ್ಮ ಕಲಗಚ್ಚಿನ ಬಾನಿಯ ಪಕ್ಕ ಜಾರಿಬಿದ್ದು ಬೆನ್ನುಮೂಳೆಯಲ್ಲಿ ಸಣ್ಣದೊಂದು ಬಿರುಕು ಬಂದಿತ್ತು. ಬೆಲ್ಟು ಕಟ್ಟಿಕೊಂಡು ಮಲಗಿದ್ದಳು. ವಾಸಿಯಾದ ಮೇಲೆ ಡಾಕ್ಟರು, "ಓಡಾಡಿ, ಹಾಡಿ, ಏನಾದರೂ ಮಾಡಿ. ಬಗ್ಗಬೇಡಿ, ಕುಲುಕಾಟ ಬೇಡ," ಅಂದರು. ಅಷ್ಟರಲ್ಲಿ ಕಾರಿಗೆ ಹೊಸ ಶಾಕ್ ಅಬ್ಸಾರ್ಬರ್ ಬಂದಿತ್ತು.

ಮೊದಲ ಕರೆ ಬಂದದ್ದು ನಂಜನಗೂಡಿನ ಒಂದು ಮದುವೆಗೆ. ಪೈಪು ಹಾಕಲೆಂದು ರಸ್ತೆಯನ್ನು ಉದ್ದಕ್ಕೂ ಅಗೆದು ಮುಚ್ಚಿದ್ದರು. ಒಂದೊಂದು ಗುಂಡಿಯೂ ಜವರಮ್ಮನ ನಡುವಿನಿಂದ ನೆತ್ತಿಯ ತನಕ ಹತ್ತಿತು. ಅವಳು ಬಾಯಿ ಬಿಡಲಿಲ್ಲ. ಛತ್ರದಲ್ಲಿ ಮೊದಲ ಪದ ಹಾಡಿದಳು. ಎರಡನೆಯದಕ್ಕೆ ಉಸಿರು ಎಳೆದುಕೊಂಡಾಗ ಬೆನ್ನು ಹಿಡಿದು, ದನಿ ಅರ್ಧಕ್ಕೆ ನಿಂತಿತು. ವನಜಾಕ್ಷಿ ಎತ್ತಿಕೊಂಡು ಹೇಗೋ ಮುಗಿಸಿದಳು.

"ಗಂಟಲು ಕಟ್ಕಂಡದೆ ಕಣೆ," ಅಂದಳು ಜವರಮ್ಮ.

ಆಮೇಲೆ ಕರೆಯಲು ಬಂದವರಿಗೆಲ್ಲ ಇಲ್ಲ ಅನ್ನತೊಡಗಿದಳು. ಒಬ್ಬರಿಗೆ ಗಂಟಲು ಅಂದಳು, ಒಬ್ಬರಿಗೆ ವಯಸ್ಸಾಯಿತು ಅಂದಳು. ತಾಂಬೂಲ ಕೊಟ್ಟು ಕರೆಯಲು ಬಂದವರು ಕಾಫಿ ಕುಡಿದು ಹೋಗುತ್ತಿದ್ದರು. ನಂಜೇಶ, "ಅವ್ವಂಗೆ ಸಾಕಾಗಿರ್ಬೇಕು, ಎಷ್ಟು ವರ್ಷ ಹಾಡ್ತಾಳೆ," ಅಂದುಕೊಂಡ.

ಶ್ವೇತ ಹಾಗೆ ಅಂದುಕೊಳ್ಳಲಿಲ್ಲ. ಹಸು ಎಂದೂ ನೋವು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಕಾಲು ಊರುವುದನ್ನು, ಕಿವಿ ಜೋಲುವುದನ್ನು, ಮೇವಿನ ಮುಂದೆ ಸುಮ್ಮನೆ ನಿಲ್ಲುವುದನ್ನು ನೋಡಿ ತಿಳಿಯಬೇಕು. ಅತ್ತೆಯನ್ನು ವ್ಯಾಯಾಮದ ಚಿಕಿತ್ಸೆಗೆ ವಾರವಾರ ನರಸೀಪುರಕ್ಕೆ ಕರೆದೊಯ್ಯುವುದು ಅವಳೇ. ಒಂದು ದಿನ ಅವಳು ಒಳಗಿನ ಕನ್ನಡಿಯನ್ನು ಹಿಂದಿನ ಸೀಟಿನ ಕಡೆಗೆ ಸ್ವಲ್ಪ ಬಗ್ಗಿಸಿದಳು. ರಸ್ತೆಯ ಹಂಪು ಬರುವ ಮುಂಚೆಯೇ ಜವರಮ್ಮ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಸೀಟಿನಿಂದ ಒಂದಿಷ್ಟು ಮೇಲೆದ್ದು, ಹಂಪು ದಾಟಿದ ಮೇಲೆ ಮೆಲ್ಲನೆ ಕೂರುತ್ತಿದ್ದಳು. ಮುಖ ಮಾತ್ರ ಕಿಟಕಿಯ ಕಡೆಗಿತ್ತು, ಬೆಳೆ ನೋಡುತ್ತಿರುವವಳ ಹಾಗೆ. ಪ್ರತಿ ಗುಂಡಿಗೂ ಅದೇ. ಶ್ವೇತ ಕನ್ನಡಿಯನ್ನು ಮತ್ತೆ ಸರಿಮಾಡಿಕೊಂಡಳು. ಅವಳ ಕಣ್ಣು ಮಂಜಾಗಿತ್ತು.

ಗಂಡನಿಗೆ ಹೇಳಿದರೆ ಅವನು ಒಪ್ಪುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಕಾರಿನ ಬಿಗಿಯ ಮಾತೆತ್ತಿದರೆ ಸಾಕು, ಅವನ ಮುಖ ಒಂದು ಥರ ಆಗುತ್ತಿತ್ತು. ಅವನು ತಿರುಪು ತಿರುಗಿಸಿದ್ದನ್ನು ಅವಳು ನೋಡಿದ್ದಳು. ಮುಂದಿನ ವಾರ ಚಿಕಿತ್ಸೆಗೆ ಹೊರಡುವ ಬೆಳಿಗ್ಗೆ ಡಿಕ್ಕಿ ತೆಗೆದು, ಬಲಮೂಲೆಯಲ್ಲಿದ್ದ ಲಸಿಕೆಯ ಐಸ್ ಪೆಟ್ಟಿಗೆಯನ್ನು ಇಳಿಸಿ, ಹಾಸು ಎತ್ತಿ, ಹಿಂದಿನ ಎರಡೂ ತಿರುಪುಗಳನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು.

ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ಜವರಮ್ಮ ತಿರುಪಿನ ಟಿಕ್ ಟಿಕ್ ಸದ್ದಿಗೆ ತಿರುಗಿ ನೋಡಿದಳು. "ಏನ್ ಮಗಾ ಅದು, ಡಿಕ್ಕಿ ಒಳೀಕೆ ತಲೆ ಆಕ್ಕಂಡಿದ್ದೀಯೆ?"

"ಏನಿಲ್ಲ ಅತ್ತೆ, ಔಷಧಿ ಬಾಟ್ಲಿ ಉರುಳಿತ್ತು," ಅಂದಳು ಶ್ವೇತ.

ಆ ದಿನ ನರಸೀಪುರದ ತನಕ ಜವರಮ್ಮ ಹಿಡಿ ಹಿಡಿದದ್ದು ಎರಡೇ ಸಲ. ಮೊದಲ ಹಂಪಿಗೆ ಎದ್ದು ಕಾದಳು, ಎರಡನೆಯದಕ್ಕೂ ಎದ್ದಳು, ಆಮೇಲೆ ಕೂತೇ ಇದ್ದಳು. ಆಸ್ಪತ್ರೆಯ ಮುಂದೆ ಇಳಿಯುವಾಗ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದಳು.

ಸಂಜೆ ಮಗನನ್ನು ಕೇಳಿದಳು. "ಡಿಕ್ಕಿ ಒಳಗೆ ಅದೇನ್ಲಾ, ತಿರುಪಿನಂಗೆ?"

ತಾಯಿ ಕಾರಿನ ಬಗ್ಗೆ ಕೇಳಿದ್ದು ನಂಜೇಶನಿಗೆ ಖುಷಿಯಾಯಿತು. ಬಲಕ್ಕೆ ತಿರುಗಿಸಿದರೆ ಹೇಗೆ, ಎಡಕ್ಕೆ ತಿರುಗಿಸಿದರೆ ಹೇಗೆ, ಕೈಯಲ್ಲೇ ತೋರಿಸಿ ವಿವರಿಸಿದ.

"ಎಡಕ್ಕೆ ತಿರುಗಿಸಿದ್ರೆ ಮೆತ್ತಗಾಯ್ತದೆ ಅನ್ನು."

"ಊಂ ಅವ್ವ. ಆದ್ರೆ ತಿರುವಲ್ಲಿ ವಾಲ್ತದೆ."

"ಅದ್ಕೇ ನೀನು ಗಟ್ಟಿ ಮಾಡಿರಾದು?"

ನಂಜೇಶ ತಾಯಿಯ ಪಕ್ಕಕ್ಕೆ ಬಂದು ಕೂತ. ಆಮೇಲೆ ಹೊಂಗೆ ಮರದ ಸಂಗತಿ ಹೇಳಿದ. ಟೈರಿನ ಗುರುತು, ನೀರು, ಮರಕ್ಕೂ ನೀರಿಗೂ ನಡುವೆ ಇದ್ದ ಜಾಗ, ತಾನು ಅಲ್ಲಿ ಕೂತದ್ದು. ಇಷ್ಟು ದಿನ ಯಾರಿಗೂ ಹೇಳದ್ದನ್ನು ತಾಯಿಗೆ ಹೇಳಿ ಮುಗಿಸುವ ಹೊತ್ತಿಗೆ ಅವನ ದನಿ ಕುಗ್ಗಿತ್ತು. ಜವರಮ್ಮ ಅವನ ಬೆನ್ನ ಮೇಲೆ ಕೈಯಿಟ್ಟು, "ಓಗು, ಕೈಕಾಲು ತೊಳ್ಕಂಡು ಉಣ್ಣು," ಅಂದಳು.

ಭಾನುವಾರ ಗಂಡಹೆಂಡಿರಿಬ್ಬರೂ ಬೈಕಿನಲ್ಲಿ ತೋಟಕ್ಕೆ ಹೋದರು. ಜವರಮ್ಮ ಮೊಳೆಗೆ ತೂಗುಹಾಕಿದ್ದ ಕೀಲಿ ತೆಗೆದುಕೊಂಡಳು. ಬಗ್ಗಬಾರದು ಅಂತ ಡಾಕ್ಟರು ಹೇಳಿದ್ದು ನೆನಪಿತ್ತು, ಅದಕ್ಕೇ ಒಂದು ಮಣೆ ಇಟ್ಟು ಅದರ ಮೇಲೆ ಮಂಡಿಯೂರಿ ಡಿಕ್ಕಿಯೊಳಗೆ ಕೈ ಚಾಚಿದಳು. ಹಾಸಿನ ಕೆಳಗೆ ಎಡಮೂಲೆಯಲ್ಲಿ ಕಪ್ಪು ತಿರುಪು ಸಿಕ್ಕಿತು. ಸೊಸೆ ತನ್ನ ಬೆನ್ನಿಗಾಗಿ ಸಡಿಲ ಮಾಡಿದ್ದನ್ನು ಜವರಮ್ಮ ಟಿಕ್ ಟಿಕ್ ಅನ್ನಿಸುತ್ತ ಕೊನೆಯ ತನಕ ಬಿಗಿ ಮಾಡಿದಳು. ಬಲಮೂಲೆಯಲ್ಲಿ ಐಸ್ ಪೆಟ್ಟಿಗೆ ಕೂತಿತ್ತು. ಅದರ ಅಡಿಯಲ್ಲಿ ಇನ್ನೊಂದು ಇದೆ ಅಂತ ಅವಳಿಗೆ ತಿಳಿದಿರಲಿಲ್ಲ.

ಎರಡು ದಿನ ಕಳೆದ ಮೇಲೆ ಮೂವರೂ ಮುಡುಕುತೊರೆಗೆ ಹೊರಟರು. ಅಲ್ಲಿಯ ಶಿವಮಲ್ಲಪ್ಪನ ಹಸುವಿಗೆ ಶ್ವೇತ ಹಿಂದೊಮ್ಮೆ ಕಷ್ಟದ ಹೆರಿಗೆ ಮಾಡಿಸಿ ತಾಯಿ ಕರು ಎರಡನ್ನೂ ಉಳಿಸಿದ್ದಳು. ಈಗ ಅವನ ಮಗಳ ಮದುವೆ. ಬಳೆಶಾಸ್ತ್ರಕ್ಕೆ ಜವರಮ್ಮ ಬಂದು ಸೋಬಾನೆ ಹೇಳಬೇಕು ಅಂತ ಅವನು ಶ್ವೇತಳನ್ನು ಕೇಳಿದ್ದ, ಶ್ವೇತ ಅತ್ತೆಯನ್ನು ಕೇಳದೆ ಆಗಲಿ ಅಂದುಬಿಟ್ಟಿದ್ದಳು. ಸೊಸೆ ಕೊಟ್ಟ ಮಾತು ಮುರಿಯಲು ಜವರಮ್ಮನಿಗೆ ಮನಸ್ಸಾಗಲಿಲ್ಲ. ವನಜಾಕ್ಷಿ ಮತ್ತು ಉಳಿದವರು ಮುಂಚೆಯೇ ಬಸ್ಸಿನಲ್ಲಿ ಹೋಗಿದ್ದರು.

ಶ್ವೇತ ಓಡಿಸುತ್ತಿದ್ದಳು, ನಂಜೇಶ ಪಕ್ಕದಲ್ಲಿ, ಜವರಮ್ಮ ಹಿಂದೆ. ಊರು ದಾಟುತ್ತಿದ್ದ ಹಾಗೆಯೇ ಶ್ವೇತಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಬಲಕ್ಕೆ ತಿರುಗಿದರೆ ಕಾರು ಒಂದು ಥರ, ಎಡಕ್ಕೆ ತಿರುಗಿದರೆ ಇನ್ನೊಂದು ಥರ. ಮೆತ್ತಗೆ ಮಾಡಿದ್ದರಿಂದ ಹೀಗಿರಬೇಕು ಅಂದುಕೊಂಡು ವೇಗ ಇಳಿಸಿದಳು. ನಾಲೆಯ ಮೋರಿ ಇದ್ದ ಕಡೆ ರಸ್ತೆ ಎಡಕ್ಕೆ ತಿರುಗುತ್ತದೆ. ಮೋರಿಯ ಮೇಲಿನ ಡಾಂಬರು ಕಿತ್ತುಹೋಗಿತ್ತು. ಹಿಂದಿನ ಚಕ್ರ ಆ ಡಾಂಬರಿನ ಅಂಚಿಗೆ ತಾಗಿದ್ದೇ ತಡ, ಒಂದು ಬದಿ ನೆಗೆಯಿತು, ಇನ್ನೊಂದು ಬದಿ ಕುಸಿಯಿತು, ಹಿಂಭಾಗ ಪಕ್ಕಕ್ಕೆ ಜರುಗಿತು. ಎದುರಿನಿಂದ ಹುಲ್ಲಿನ ಟ್ರ್ಯಾಕ್ಟರು ಬರುತ್ತಿತ್ತು. ಶ್ವೇತ ಬ್ರೇಕ್ ಒತ್ತಲಿಲ್ಲ. ಸ್ಟೇರಿಂಗನ್ನು ಮೆತ್ತಗೆ ಹಿಡಿದು, ಕಾರನ್ನು ತನ್ನ ಬದಿಗೆ ತಂದು, ಟ್ರ್ಯಾಕ್ಟರು ಹೋದ ಮೇಲೆ ಹುಣಸೆ ಮರದ ಕೆಳಗೆ ನಿಲ್ಲಿಸಿದಳು. ಆಮೇಲೂ ಅವಳು ಸ್ಟೇರಿಂಗ್ ಬಿಡಲಿಲ್ಲ.

"ಅವ್ವ, ಬೆನ್ನು?" ಅಂದ ನಂಜೇಶ, ಹಿಂದಕ್ಕೆ ತಿರುಗಿ.

"ನಂಗೇನೂ ಆಗಿಲ್ಲ. ಅವಳ ಕೈ ಇಡ್ಕಳ್ಲಾ ಮೊದ್ಲು," ಅಂದಳು ಜವರಮ್ಮ.

ನಂಜೇಶ ಹೆಂಡತಿಯ ಕೈ ಹಿಡಿದುಕೊಂಡ. ಅಲ್ಲಿಂದ ಅವನೇ ಓಡಿಸಿದ, ಎತ್ತಿನ ಗಾಡಿಯ ವೇಗದಲ್ಲಿ. ನನ್ನಿಂದ ಹೀಗಾಯಿತು ಅಂತ ಹೆಂಗಸರಿಬ್ಬರೂ ಒಳಗೊಳಗೇ ಬೇಯುತ್ತಿದ್ದರು. ಶಾಸ್ತ್ರ ಇದ್ದದ್ದು ಸಂಜೆಗೆ, ಹೊತ್ತಿತ್ತು. ನಂಜೇಶ ಸೀದಾ ರಂಗನಾಯಕನ ಅಂಗಡಿಯ ಮುಂದೆ ನಿಲ್ಲಿಸಿದ.

ರಂಗನಾಯಕ ಮೊದಲು ಟೈರು ಒತ್ತಿ ನೋಡಿದ, ಆಮೇಲೆ ಬಾನೆಟ್ ತೆಗೆದ, ಆಮೇಲೆ ಐಸ್ ಪೆಟ್ಟಿಗೆ ಇಳಿಸಿ ಡಿಕ್ಕಿಯ ಹಾಸು ಎತ್ತಿದ. ಒಂದೊಂದೇ ತಿರುಪನ್ನು ಮುಟ್ಟಿ, ಟಿಕ್ ಅನ್ನಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತ.

"ಮುಂದಿನವು ಎರಡೂ ಪೂರಾ ಬಿಗಿ. ಇಂದೆ ಎಡಗಡೇದು ಪೂರಾ ಬಿಗಿ, ಬಲಗಡೇದು ಪೂರಾ ಸಡಿಲ. ಇಂಗೆ ಯಾರಣ್ಣ ಮಾಡಿದ್ದು?"

"ನಾಲ್ಕನ್ನೂ ಬಿಗಿ ಮಾಡಿದ್ದು ನಾನು," ಅಂದ ನಂಜೇಶ. "ಸಡಿಲ ಎಲ್ಲಿಂದ ಬಂತು?"

ಶ್ವೇತ ತಲೆ ತಗ್ಗಿಸಿದಳು. "ಹಿಂದಿನದು ನಾನು ಸಡಿಲ ಮಾಡ್ದೆ ರೀ. ಅತ್ತೆಗೆ ಬೆನ್ನು ನೋವಾಗ್ತಿತ್ತು. ನಿಮ್ಗೆ ಹೇಳಿದ್ರೆ ಬಿಡ್ತಿರಲಿಲ್ಲ."

"ಒಂದನ್ನೇ ಮಾಡಿದ್ರಾ ಡಾಕ್ಟ್ರಮ್ಮ?"

"ಇಲ್ಲಪ್ಪ, ಎರಡೂ ಮಾಡ್ದೆ. ಚೆನ್ನಾಗಿ ನೆನಪಿದೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಟೀ ಲೋಟ ಹಿಡಿದು ಕೂತಿದ್ದ ಜವರಮ್ಮ ಲೋಟದೊಳಗೆ ನೋಡುತ್ತ, "ಎರಡವೆ ಅಂತ ನಂಗೇನ್ ಗೊತ್ತು," ಅಂದಳು.

ನಂಜೇಶನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಸಿಟ್ಟೇ ಬಂತು. "ಇಬ್ರೂ ಸೇರ್ಕಂಡು ಏನ್ ಮಾಡಿದ್ದೀರಿ ಅಂತ ಗೊತ್ತಾ?"

"ಸೇರ್ಕಂಡಿಲ್ಲ ಕಣ್ಲಾ, ಬ್ಯಾರೆ ಬ್ಯಾರೇನೆ," ಅಂದಳು ಜವರಮ್ಮ. ರಂಗನಾಯಕ ನಗು ತಡೆಯಲಾರದೆ ಸ್ಪ್ಯಾನರ್ ಹುಡುಕುವವನ ಹಾಗೆ ಆ ಕಡೆ ತಿರುಗಿದ.

ಶ್ವೇತ ಅತ್ತೆಯ ಮುಂದೆ ಬಂದು ನೆಲದ ಮೇಲೇ ಕೂತಳು. "ಯಾಕತ್ತೆ ಹೀಗ್ಮಾಡಿದ್ರಿ? ಆವತ್ತು ನೋವಾಗ್ಲಿಲ್ಲ ತಾನೆ ನಿಮ್ಗೆ?"

"ಆಗ್ಲಿಲ್ಲ. ಅದ್ಕೇ ಗೊತ್ತಾಯ್ತು ನೀನು ಏನ್ ಮಾಡಿದ್ದೆ ಅಂತ. ನೀನು ನಾಲೆ ಅಂಚಿಗೋಗಿ ಬಂದಿದ್ದೆ ಅಂತ ಇವನು ಏಳ್ದ. ಒಂದ್ ಮಾತು ಆಡಿದ್ದಾ ನನ್ನತ್ರ? ಬಂಪರ್ ನೆಗ್ಗದೆ ಅಂದು ಒಳೀಕೋದೆ. ನೀನು ನೀರಿಗೆ ಓದ್ಮೇಲೆ ನಾನು ನೆಟ್ಟಗಿರೋ ಬೆನ್ನು ಮಡಿಕ್ಕಂಡು ಏನ್ ಮಾಡಾದು ಮಗಾ?"

"ನೀವು ಹಾಡೋದು ಬಿಟ್ರಲ್ಲ ಅತ್ತೆ. ಮನೇಲಿ ಅನ್ನ ಬಸಿಯೋವಾಗ್ಲೂ ಒಂದು ಪದ ಗುನುಗ್ತಿರಲಿಲ್ಲ. ನಂಗೆ ಅದನ್ನ ನೋಡಕ್ಕಾಗ್ಲಿಲ್ಲ."

ಜವರಮ್ಮ ತನ್ನ ಲೋಟದಲ್ಲಿ ಉಳಿದಿದ್ದ ಟೀಯನ್ನು ಸೊಸೆಯ ಕೈಗೆ ಕೊಟ್ಟು, "ಕುಡಿ, ಆರೋಯ್ತದೆ," ಅಂದಳು.

ನಂಜೇಶ ಅಂಗಡಿಯ ಕಂಬಕ್ಕೆ ಒರಗಿ ನಿಂತಿದ್ದ. ಅವನ ಸಿಟ್ಟು ಇಳಿದಿತ್ತು. "ಈಗ ಏನ್ ಮಾಡಾದು ರಂಗಣ್ಣ? ಗಟ್ಟಿ ಮಾಡಿದ್ರೆ ಅವ್ವಂಗೆ ಆಗಲ್ಲ. ಮೆತ್ತಗೆ ಮಾಡಿದ್ರೆ ಇವಳಿಗೆ ಆಗಲ್ಲ."

"ಅಂಗೇನಿಲ್ಲ ಅಣ್ಣ," ಅಂದ ರಂಗನಾಯಕ. "ಹಳೇದು ಸತ್ತೋಗಿತ್ತು, ತೆಗ್ದು ಹೊಸದು ಆಕಿಸಿದ್ದು ಒಳ್ಳೇದೇ ಆಯ್ತು. ಆದ್ರೆ ಪೂರಾ ಬಿಗಿ ಆದ್ರೆ ಡಾಕ್ಟ್ರಮ್ಮಂಗೂ ಆಗಲ್ಲ. ನಮ್ಮ ರೋಡಲ್ಲಿ ಚಕ್ರ ಗುಂಡಿಗೆ ಇಳೀಬೇಕು, ಏಳ್ಬೇಕು. ಬಿಗಿ ಇಡಿದ್ರೆ ಇಳಿಯಕ್ಕಿಲ್ಲ, ನೆಗೀತದೆ. ನೆಗೆದ ಚಕ್ರಕ್ಕೆ ನೆಲ ಎಲ್ಲಿ ಸಿಕ್ತದೆ? ನೆಲ ಸಿಗದೆ ಇಡಿತ ಎಲ್ಲಿಂದ ಬಂದದು? ನುಣ್ಣನೆ ರೋಡಲ್ಲಿ ಬಿಗಿ ಚೆಂದ, ಮೋರಿ ಮ್ಯಾಲೆ ಅಲ್ಲ. ಅವ್ವಂಗೆ ಸುಖ ಆಗಾದು, ಇವರಿಗೆ ಇಡಿತ ಸಿಗಾದು, ಎರಡೂ ಒಂದೇ ಕಡೆ ಎಲ್ಲೋ ಅದೆ. ಹುಡುಕ್ಬೇಕು ಅಷ್ಟೆ."

ಅವನು ಟೈರಿನ ಹೆಚ್ಚಿನ ಗಾಳಿ ಬಿಟ್ಟ. ನಾಲ್ಕೂ ತಿರುಪುಗಳನ್ನು ನಡುವಿಗೆ ತಂದ. ಎಲ್ಲರೂ ಕಾರು ಹತ್ತಿದರು. ಶ್ವೇತ ಸ್ಟೇರಿಂಗ್ ಹಿಡಿದಳು, ರಂಗನಾಯಕ ಅವಳ ಪಕ್ಕ ಕೂತ, ತಾಯಿ ಮಗ ಹಿಂದೆ. ಸೇತುವೆ ದಾಟಿ ತಲಕಾಡಿನ ರಸ್ತೆಗೆ ಬಂದರು. ಒಂದು ಕೆಟ್ಟ ಭಾಗ, ಅದರ ಮುಂದೆ ಎರಡು ತಿರುವು. ಹೋಗುವುದು, ನಿಲ್ಲಿಸುವುದು, ತಿರುಗಿಸುವುದು, ಮತ್ತೆ ಅದೇ ದಾರಿಯಲ್ಲಿ ಹೋಗುವುದು.

ಸ್ವಲ್ಪ ಹೊತ್ತಿನಲ್ಲೇ ರಂಗನಾಯಕನಿಗೆ ತಲೆಕೆಟ್ಟಿತು. ಏನು ಮಾಡಿದರೂ ಜವರಮ್ಮ, "ಚೆಂದಾಗದೆ, ಇನ್ನೊಸಿ ಗಟ್ಟಿ ಮಾಡಪ್ಪ," ಅನ್ನುತ್ತಿದ್ದಳು. ಏನು ಮಾಡಿದರೂ ಶ್ವೇತ, "ಹಿಡಿತ ಚೆನ್ನಾಗಿದೆ, ಇನ್ನೂ ಮೆತ್ತಗೆ ಮಾಡಿ," ಅನ್ನುತ್ತಿದ್ದಳು.

"ಇಬ್ರೂ ಸುಳ್ಳೇಳ್ತಾವ್ರೆ ಅಣ್ಣ. ಇಂಗಾದ್ರೆ ನಾನೇನ್ ಮಾಡ್ಲಿ," ಅಂದ ರಂಗನಾಯಕ.

ನಂಜೇಶ ಹೂಂಗುಟ್ಟಿ ಯೋಚಿಸಿದ. ಆಮೇಲೆ, "ಅವ್ವ, ಒಂದು ಪದ ಏಳು," ಅಂದ.

"ಈಗ್ಲಾ? ಕಾರಲ್ಲಾ?"

"ಈಗ್ಲೇ. ನೀನು ಬಾಯಲ್ಲಿ ಏನ್ ಬೇಕಾದ್ರೂ ಏಳ್ತೀಯ. ದನಿ ಅಂಗೆ ಏಳಕ್ಕಿಲ್ಲ."

ಜವರಮ್ಮ ಮಗನನ್ನು ಒಮ್ಮೆ ದುರುಗುಟ್ಟಿ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಹಳೆಯದೊಂದು ಪದ ಎತ್ತಿದಳು. ಕೆಟ್ಟ ಭಾಗ ಬಂದಾಗ ದನಿ ತುಂಡಾಯಿತು.

"ನಿಲ್ಸಿ," ಅಂದ ರಂಗನಾಯಕ. ಇಳಿದು ಹಿಂದಿನ ಎರಡನ್ನೂ ಸಮವಾಗಿ ಸ್ವಲ್ಪ ಸಡಿಲ ಮಾಡಿದ. ಮತ್ತೆ ಹೋದರು. ಈ ಸಲ ದನಿ ತುಂಡಾಗಲಿಲ್ಲ, ಅದುರಿತು. ಮುಂದಿನ ಎರಡನ್ನೂ ಒಂದಿಷ್ಟು ಸಡಿಲ ಮಾಡಿದ. ಮತ್ತೊಮ್ಮೆ ಹೋದಾಗ ಪದ ಉದ್ದಕ್ಕೂ ಹರಿದು ಬಂತು. ಆದರೆ ತಿರುವಿನಲ್ಲಿ ಕಾರು ವಾಲಿತು.

"ಹಿಡಿತ ಚೆನ್ನಾಗಿದೆ," ಅಂದಳು ಶ್ವೇತ.

"ಸುಳ್ಳು," ಅಂದಳು ಹಿಂದಿನಿಂದ ಜವರಮ್ಮ. "ನಿನ್ನ ಭುಜ ಕಿವಿ ಗಂಟ ಬಂದಿತ್ತು ಕಣವ್ವ. ನಾನು ನೋಡಿಲ್ವಾ?"

ಶ್ವೇತ ನಕ್ಕುಬಿಟ್ಟಳು. ರಂಗನಾಯಕ ಇಳಿದು ಮುಂದಿನ ಎರಡನ್ನು ಮಾತ್ರ ತುಸು ಬಿಗಿ ಮಾಡಿದ. ಕಾರು ಮತ್ತೆ ಹೊರಟಿತು. ಈ ಸಲ ಜವರಮ್ಮ ಹಳೆಯ ಪದ ಬಿಟ್ಟು, ತಾನೇ ಕಟ್ಟಿ ಎತ್ತಿದಳು:

ಮಲ್ಲಿಗೆ ಮುಡಿದೋಳೆ ಮೆಲ್ಲಾಕೆ ನಡಸವ್ವ
ಕಲ್ಲಿನ ದಾರಿ ಇದು ಕೇಳೆ | ನನ ಸೊಸೆಯೆ
ಮೆಲ್ಲಾನೆ ತಿರುವ ತಿರುಗವ್ವ

ಗುಂಡಿಗಳ ಮೇಲೆ ಕಾರು ಇಳಿಯಿತು, ಎದ್ದಿತು. ದನಿ ಎಲ್ಲಿಯೂ ಮುರಿಯಲಿಲ್ಲ. ಮೊದಲ ತಿರುವು ಬಂತು, ಎರಡನೆಯದು ಬಂತು. ಶ್ವೇತಳ ಭುಜ ಇದ್ದಲ್ಲೇ ಇತ್ತು. ಮುಡಿಯಲ್ಲಿ ಮಲ್ಲಿಗೆ ಇರಲಿಲ್ಲ, ಹಾಡಿಗಾಗಿ ಇಟ್ಟಿದ್ದು. ನಂಜೇಶ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದ. ಅವನ ಕಣ್ಣು ಒದ್ದೆಯಾದದ್ದನ್ನು ತಾಯಿ ನೋಡಿದಳು, ಹಾಡು ನಿಲ್ಲಿಸಲಿಲ್ಲ.

"ಸಾಕು ಬಿಡವ್ವ," ಅಂದ ರಂಗನಾಯಕ ಕೊನೆಗೆ. "ಇಲ್ಲೇ ಇರ್ಲಿ. ಇನ್ಮೇಲೆ ಯಾರೂ ಕೈಯಾಡಿಸ್ಬ್ಯಾಡಿ. ಏನಾದ್ರೂ ಅನ್ನಿಸಿದ್ರೆ ಮೂವರೂ ಒಟ್ಟಿಗೆ ಬನ್ನಿ." ಅವನನ್ನು ಅಂಗಡಿಯಲ್ಲಿ ಇಳಿಸಿದರು. ದಾರಿಯಲ್ಲಿ ನಂಜೇಶ ಎರಡು ಮೊಳ ಮಲ್ಲಿಗೆ ಕೊಂಡ, ಒಂದು ಹೆಂಡತಿಗೆ, ಒಂದು ತಾಯಿಗೆ.

ಮುಡುಕುತೊರೆಯಲ್ಲಿ ಬಳೆಶಾಸ್ತ್ರಕ್ಕೆ ಇನ್ನೇನು ಕೂರಬೇಕು ಅನ್ನುವಾಗ ತಲುಪಿದರು. ಶಿವಮಲ್ಲಪ್ಪ ಚಪ್ಪರದ ಬಾಗಿಲಿಗೆ ಬಂದು ಜವರಮ್ಮನ ಕೈ ಹಿಡಿದು ಕರೆದುಕೊಂಡು ಹೋದ. ವನಜಾಕ್ಷಿ ಜಾಗ ಬಿಟ್ಟು ಸರಿದು ಕೂತು, "ಗಂಟಲು ಎಂಗದೆ ಅಕ್ಕ?" ಅಂತ ಪಿಸುಗುಟ್ಟಿದಳು. ಜವರಮ್ಮ ಮದುಮಗಳ ಕೈಗೆ ಮೊದಲ ಬಳೆ ಏರುವುದನ್ನು ಕಾದಳು. ಆಮೇಲೆ ಎತ್ತಿದಳು. ಎಷ್ಟು ಪದ ಹಾಡಿದಳೋ ಯಾರೂ ಎಣಿಸಲಿಲ್ಲ. ಶ್ವೇತ ಕೊಟ್ಟಿಗೆಯಲ್ಲಿ ತಾನು ಉಳಿಸಿದ್ದ ಕರುವಿನ ಹಲ್ಲು ನೋಡುತ್ತಿದ್ದವಳು, ಅತ್ತೆಯ ದನಿ ಏರಿದಾಗ ಹಾಗೆಯೇ ಗೋಡೆಗೊರಗಿ ನಿಂತು ಕೇಳಿದಳು.

ಅದಾದ ಮೇಲೆ ಕರೆಯಲು ಬಂದವರಿಗೆ ಜವರಮ್ಮ ಆಗಲಿ ಅನ್ನತೊಡಗಿದಳು. ಬಸ್ಸಿನಲ್ಲಿ ಯಾಕೆ ಹೋಗಬೇಕು ಅಂತ ವನಜಾಕ್ಷಿ ಮತ್ತು ಉಳಿದಿಬ್ಬರೂ ಕಾರಿಗೇ ಹತ್ತಿಕೊಂಡರು. ಒಂದು ಬೆಳಿಗ್ಗೆ ನಂಜನಗೂಡಿಗೆ ಹೊರಟಾಗ ಕಾರಿನ ಹಿಂಭಾಗ ಕುಗ್ಗಿ, ಹಂಪು ದಾಟುವಾಗ ಕೆಳಗೆ ಏನೋ ಗೀರಿತು. ಶ್ವೇತ ಪಕ್ಕಕ್ಕೆ ನಿಲ್ಲಿಸಿ ರಂಗನಾಯಕನಿಗೆ ಫೋನು ಮಾಡಿದಳು.

"ಇಂದೆ ಎಷ್ಟು ಜನ ಡಾಕ್ಟ್ರಮ್ಮ?"

"ಮೂರು ಜನ. ಮುಂದೆ ಅತ್ತೆ."

"ಇಂದೆ ಕುಂತಿರೋರು ಸಣ್ಣಗವ್ರಾ ದಪ್ಪಗವ್ರಾ?"

ಫೋನು ಸ್ಪೀಕರಿನಲ್ಲಿತ್ತು. ಹಿಂದೆ ಕೂತಿದ್ದ ಮೂವರೂ ಸೆರಗು ಎಳೆದುಕೊಂಡರು. ಶ್ವೇತ ಕನ್ನಡಿಯಲ್ಲಿ ಹಿಂದಕ್ಕೆ ನೋಡಿ, ಅತ್ತೆಯ ಕಡೆ ತಿರುಗಿದಳು.

"ಉಂಡು ಬೆಳ್ದಿರೋರು ಕಣಪ್ಪ," ಅಂದಳು ಜವರಮ್ಮ ಫೋನಿನ ಕಡೆ ಬಾಗಿ. "ಇವತ್ತು ನಿಧಾನಕ್ಕೆ ಓಯ್ತೀವಿ. ನಾಳೀಕೆ ಎಲ್ರನ್ನೂ ಕರ್ಕಂಡೇ ನಿನ್ನತ್ರ ಬತ್ತೀವಿ."

"ಬನ್ನಿ ಅವ್ವ," ಅಂದ ರಂಗನಾಯಕ. "ಟೀ ಏಳಿ ಮಡಗಿರ್ತೀನಿ."